ಮನೆಮಂದಿಯ ಪ್ರವಾಸಕ್ಕೆ ಯಾವ ವಿಮೆ? ಸರಕು ಯಾವುದು, ಗೊರಬಲು ಯಾವುದು

ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ, ದುಡ್ಡು ಖಾತೆಗೆ ಬಿದ್ದ ಮೇಲೆ ನಮ್ಮ ತೀರ್ಥಹಳ್ಳಿ ಕಡೆ ಮನೆಮನೆಯಲ್ಲೂ ಒಂದೇ ಮಾತು: ‘ಈ ಸಲ ಎಲ್ಲಿಗೆ?’ ಮಳೆ ಹಿಡಿಯುವ ಮೊದಲು ಹೋಗಿ ಬಂದುಬಿಡಬೇಕು. ನಮ್ಮ ಮನೆಯಲ್ಲಿ ಹೊರಡುವವರು ಆರು ಜನ. ನಾನು, ಹೆಂಡತಿ, ಇಬ್ಬರು ಮಕ್ಕಳು, 71 ದಾಟಿದ ಅಪ್ಪಯ್ಯ, 66ರ ಅಮ್ಮ. ಅಪ್ಪಯ್ಯನಿಗೆ ಬಿಪಿ, ಶುಗರ್ ಎರಡೂ ಇದೆ. ಅಮ್ಮನಿಗೆ ಮಂಡಿನೋವು ಬಿಟ್ಟರೆ ಏನೂ ಇಲ್ಲ ಎಂದು ಅಮ್ಮನೇ ಹೇಳುತ್ತಾರೆ.

ಟಿಕೆಟ್ ಬುಕ್ ಮಾಡುವಾಗ ಕೊನೆಯ ಪುಟದಲ್ಲಿ ‘ಟ್ರಾವೆಲ್ ಇನ್ಶೂರೆನ್ಸ್ ಬೇಕೇ’ ಎಂದು ಒಂದು ಚೌಕ ಬರುತ್ತದಲ್ಲ, ಅದಕ್ಕೆ ಟಿಕ್ ಹಾಕಿ ‘ಆಯ್ತು, ವಿಮೆ ಮಾಡಿಸಿದೆವು’ ಎಂದು ನೆಮ್ಮದಿಯಾಗಿರುವ ಜನ ನಾವು. ಮಂಡಿಯಲ್ಲಿ ಮೇಲ್ದರ್ಜೆಯ ಅಡಿಕೆಯಾದ ಸರಕನ್ನು ಕೆಳದರ್ಜೆಯ ಗೊರಬಲಿನ ದರಕ್ಕೆ ಕೇಳಿದರೆ ಹೊಡೆದಾಟಕ್ಕೇ ಹೋಗುತ್ತೇವೆ. ವಿಮೆಯ ವಿಷಯ ಬಂದರೆ ಮಾತ್ರ ಮೂಟೆ ಬಿಚ್ಚಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ, ಕಾಶಿಯಲ್ಲಿ ಅಮ್ಮ ಜಾರಿ ಬೀಳುವವರೆಗೆ.

ಬೆಳಗಿನ ಆರು ಗಂಟೆ, ಘಾಟಿನ ಪಾಚಿಗಟ್ಟಿದ ಮೆಟ್ಟಿಲು. ಒಂದು ಕೈಯಲ್ಲಿ ಗಂಗಾಜಲದ ತಂಬಿಗೆ, ಇನ್ನೊಂದು ಕೈ ಊರಿದ್ದು ಕಲ್ಲಿನ ಮೇಲೆ. ಮಣಿಕಟ್ಟು ಮುರಿಯಿತು. ಎಕ್ಸ್‌ರೇ, ಪ್ಲಾಸ್ಟರ್, ಇಂಜೆಕ್ಷನ್ ಎಲ್ಲ ಸೇರಿ ನಾಲ್ಕು ಗಂಟೆ, ಏಳು ಸಾವಿರದ ಹತ್ತಿರ ಬಿಲ್ಲು. ಮನೆಯ ಆರೋಗ್ಯ ವಿಮೆಯವರಿಗೆ ಫೋನ್ ಮಾಡಿದರೆ, ‘24 ಗಂಟೆ ಅಡ್ಮಿಟ್ ಆಗಿದ್ದಾರಾ?’ ಎಂಬುದೇ ಮೊದಲ ಪ್ರಶ್ನೆ. ಇಲ್ಲ ಎಂದೆ, ಅಲ್ಲಿಗೆ ಮುಗಿಯಿತು. ವಿಮಾನದ ಟಿಕೆಟ್ ಜೊತೆ ಟಿಕ್ ಹಾಕಿದ ಇನ್ನೊಂದು ಪಾಲಿಸಿ ಇತ್ತಲ್ಲ, ಅದರ ಕಾಗದ ಇಮೇಲಿನಲ್ಲಿ ಬಿಚ್ಚದೆ ಬಿದ್ದಿತ್ತು. ಊರಿಗೆ ಬಂದು ಓದಿದರೆ ಅಪಘಾತದ ಹೊರರೋಗಿ ಖರ್ಚು ಅದರಲ್ಲಿ ಸಿಗುತ್ತಿತ್ತು! ಆದರೆ ಅವರು ಕೇಳಿದ್ದು ಡಾಕ್ಟರು ಬರೆದ ಮೂಲ ಚೀಟಿ. ಅದು ಒದ್ದೆ ಪಂಚೆಗಳಿದ್ದ ಚೀಲದಲ್ಲಿ ಕರಗಿ ಮುದ್ದೆಯಾಗಿತ್ತು. ಹೆಲ್ಪ್‌ಲೈನಿನಲ್ಲಿ ಕನ್ನಡ ಬರುವವರು ಸಿಗಲು ಮೂರು ದಿನ ಹಿಡಿಯಿತು, ಸಿಕ್ಕವರು ಚೀಟಿ ಇಲ್ಲದೆ ಆಗುವುದಿಲ್ಲ ಎಂದರು. ತಪ್ಪು ಅರ್ಧ ನಮ್ಮದೇ.

ಆಮೇಲೆ ಒಂದೊಂದನ್ನೇ ಬಿಚ್ಚಿ ನೋಡಿದೆ. ನನಗೆ ಅರ್ಥವಾದದ್ದು ಇಷ್ಟು: ದೇಶದ ಒಳಗಿನ ಪ್ರವಾಸಕ್ಕೆ ಬೇಕಾದ ವಿಮೆಯ ಮುಕ್ಕಾಲು ಪಾಲು ನಮ್ಮ ಮನೆಯ ಪೆಟ್ಟಿಗೆಯಲ್ಲೇ ಇರುತ್ತದೆ, ಅಥವಾ ಇರಬೇಕು. ‘ಟ್ರಾವೆಲ್’ ಎಂಬ ಹೆಸರಿನ ಪಾಲಿಸಿಗೆ ಬೇರೆ ದುಡ್ಡು ಕೊಡಬೇಕಾದದ್ದು ಗಡಿ ದಾಟುವಾಗ. ಆ ಗಡಿ ನೇಪಾಳದ್ದಾದರೂ ಸರಿ.

45 ಪೈಸೆ ಮತ್ತು 20 ರೂಪಾಯಿ

ಎಲ್ಲಕ್ಕಿಂತ ಅಗ್ಗದ್ದು ರೈಲಿನದು. ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾಡುವಾಗ ತಲೆಗೆ 45 ಪೈಸೆ ಕೊಟ್ಟರೆ, ರೈಲು ಅಪಘಾತದಲ್ಲಿ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 7.5 ಲಕ್ಷದವರೆಗೆ, ಗಾಯಗೊಂಡು ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ. ಒಂದು ಪಿಎನ್‌ಆರ್‌ನಲ್ಲಿ ತೆಗೆದುಕೊಂಡರೆ ಎಲ್ಲರಿಗೂ, ಬಿಟ್ಟರೆ ಯಾರಿಗೂ ಇಲ್ಲ. ಕನ್ಫರ್ಮ್ ಅಥವಾ ಆರ್‌ಎಸಿ ಆಗಿರಬೇಕು, ವೇಟಿಂಗ್ ಲಿಸ್ಟಿಗೆ ಅನ್ವಯಿಸುವುದಿಲ್ಲ. ಟಿಕೆಟ್ ಇಲ್ಲದೆ ಮಡಿಲಲ್ಲಿ ಬರುವ ಐದು ವರ್ಷದೊಳಗಿನ ಮಗುವಿಗೂ ಇಲ್ಲ. ಸ್ಟೇಷನ್ನಿನ ಕೌಂಟರಿನಲ್ಲಿ ಸಾಲಿಗೆ ನಿಂತು ಟಿಕೆಟ್ ತರುವ ಹಿರಿಯರಿಗೆ ಈ ಸೌಲಭ್ಯ ಸಿಗುವುದೇ ಇಲ್ಲ.

ಇದನ್ನು ಬಿಡುವುದು ಮೂರ್ಖತನ, ಆರು ಜನಕ್ಕೆ ಮೂರು ರೂಪಾಯಿಯೂ ಆಗುವುದಿಲ್ಲ. ಆದರೆ ಇದು ಪ್ರವಾಸದ ವಿಮೆಯಲ್ಲ, ರೈಲಿನ ಅಪಘಾತದ ವಿಮೆ. ಹಳಿ ತಪ್ಪುವುದು, ಡಿಕ್ಕಿ, ಓಡುವ ರೈಲಿನಿಂದ ಬೀಳುವುದು, ದರೋಡೆಕೋರರ ದಾಳಿ ಇಂಥವಕ್ಕೆ. ಬೋಗಿಯಲ್ಲಿ ಜ್ವರ ಬಂದರೆ, ಸೂಟ್‌ಕೇಸ್ ಕಳುವಾದರೆ ಕೇಳಬೇಡಿ. ಟಿಕೆಟ್ ಆದಮೇಲೆ ವಿಮಾ ಕಂಪನಿಯಿಂದ ನಾಮಿನಿ ತುಂಬುವ ಲಿಂಕ್ ಬರುತ್ತದೆ. ನಮ್ಮಲ್ಲಿ ಅದನ್ನು ಒತ್ತಿದವರನ್ನು ನಾನು ನೋಡಿಲ್ಲ. ಒತ್ತಿ.

ಎರಡನೆಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 2015ರಲ್ಲಿ ವರ್ಷಕ್ಕೆ 12 ರೂಪಾಯಿಗೆ ಶುರುವಾದದ್ದು, 2022ರ ಜೂನ್‌ನಿಂದ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ. ಜೂನ್ 1ರಿಂದ ಮೇ 31ರವರೆಗೆ ಲೆಕ್ಕ. ಮೇ ಕೊನೆಯಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ಪಾಲಿಸಿ ಕಡಿದುಹೋದವರು ನಮ್ಮೂರಲ್ಲೇ ಇದ್ದಾರೆ. ವಯಸ್ಸು 18ರಿಂದ 70. ಅಪ್ಪಯ್ಯ ಹೊರಗೆ, ಅಮ್ಮ ಒಳಗೆ. ರುಪೇ ಕಾರ್ಡಿಗೂ ಅಪಘಾತ ವಿಮೆ ಅಂಟಿಕೊಂಡಿರುತ್ತದೆ, ಆದರೆ ಅಪಘಾತಕ್ಕೆ ಮುಂಚಿನ ಇಂತಿಷ್ಟು ದಿನಗಳೊಳಗೆ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು. ಬೀರುವಿನಲ್ಲಿ ಬೆಚ್ಚಗೆ ಮಲಗಿರುವ ಕಾರ್ಡಿನಿಂದ ಏನೂ ಹುಟ್ಟುವುದಿಲ್ಲ.

ಕಾರಿನಲ್ಲೇ ಹೊರಟರೆ

ನಮ್ಮವರ ಅರ್ಧ ಪ್ರವಾಸ ರಸ್ತೆಯ ಮೇಲೆಯೇ. ಕಾರಿನ ವಿಮೆಯ ಜೊತೆ ಬರುವ ಕಡ್ಡಾಯ ಅಪಘಾತ ವಿಮೆ 15 ಲಕ್ಷದ್ದು, ನಿಜ. ಆದರೆ ಅದು ‘ಓನರ್-ಡ್ರೈವರ್’ಗೆ. ಆರ್‌ಸಿ ನಿಮ್ಮ ಹೆಸರಲ್ಲಿದ್ದು, ನಿಮಗೆ ಲೈಸೆನ್ಸ್ ಇರಬೇಕು. ಘಾಟಿಯಲ್ಲಿ ನಿದ್ದೆ ಬಂತೆಂದು ಭಾವನ ಕೈಗೆ ಸ್ಟೀರಿಂಗ್ ಕೊಟ್ಟರೆ ಆ 15 ಲಕ್ಷ ಭಾವನಿಗೆ ದಾಟುವುದಿಲ್ಲ. ಜೊತೆಗೆ ಕೂತವರಿಗೆ ‘ಹೆಸರಿಸದ ಪ್ರಯಾಣಿಕರ’ ಅಪಘಾತ ವಿಮೆ ಎಂದು ಬೇರೆ ಇದೆ, ಅದನ್ನು ಕೇಳಿ ಸೇರಿಸಿಕೊಳ್ಳಬೇಕು. ಕಾರಿನ ಪಾಲಿಸಿ ನವೀಕರಿಸುವಾಗ ನೂರಿನ್ನೂರು ಉಳಿಸಲು ಶೋರೂಮಿನವರೋ ಏಜೆಂಟರೋ ಮೊದಲು ಕಿತ್ತುಹಾಕುವುದು ಇದನ್ನೇ.

ಇನ್ನೊಂದು ಮಾತು, ಸ್ವಲ್ಪ ನಿಷ್ಠುರ. ಮದುವೆಗೋ ಧರ್ಮಸ್ಥಳಕ್ಕೋ ಹೋಗಲು ಪರಿಚಯದವರ ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಕರೆಯುವುದು ನಮ್ಮಲ್ಲಿ ಮಾಮೂಲು. ಹಳದಿ ಬೋರ್ಡಿಗಿಂತ ಕಿಲೋಮೀಟರಿಗೆ ಎರಡು ರೂಪಾಯಿ ಕಮ್ಮಿ. ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸಿದ್ದು ಸಾಬೀತಾದರೆ ವಿಮಾ ಕಂಪನಿ ಷರತ್ತು ಮುರಿದಿದ್ದೀರಿ ಎಂದು ತಕರಾರು ತೆಗೆಯುತ್ತದೆ. ಆಗುಂಬೆಯ ಮಂಜಿನಲ್ಲೋ ಹುಲಿಕಲ್ ತಿರುವಿನಲ್ಲೋ ಏನಾದರೂ ಆದರೆ ಆ ಎರಡು ರೂಪಾಯಿಯ ಉಳಿತಾಯಕ್ಕೆ ವರ್ಷಗಟ್ಟಲೆ ಕೋರ್ಟು. ಎಷ್ಟೇ ಹೊಸ ಪಾಲಿಸಿ ಕೊಂಡರೂ ಈ ತೂತು ಮುಚ್ಚುವುದಿಲ್ಲ.

ಮನೆಯ ಆರೋಗ್ಯ ವಿಮೆ: ಅಸಲಿ ಸರಕು

ಕಾಶಿ, ಅಯೋಧ್ಯೆ, ಕೇದಾರ, ಕಾಶ್ಮೀರ, ಎಲ್ಲಿ ಆಸ್ಪತ್ರೆ ಸೇರಿದರೂ ಹಿಡಿಯುವುದು ಖಾಸಗಿ ಕಂಪನಿಯದೋ ಸರ್ಕಾರಿ ಕಂಪನಿಯದೋ ಫ್ಯಾಮಿಲಿ ಫ್ಲೋಟರ್ ಪಾಲಿಸಿ, ಅಂದರೆ ಮನೆಮಂದಿಗೆಲ್ಲ ಸೇರಿ ಒಂದೇ ಮೊತ್ತದ ಆರೋಗ್ಯ ವಿಮೆ. ದೇಶದೊಳಗೆ ನಡೆಯುತ್ತದೆ, ವರ್ಷವಿಡೀ ನಡೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲೆ ಶೇ 18ರ ಜಿಎಸ್‌ಟಿಯೂ ಇಲ್ಲ, ಫ್ಲೋಟರ್ ಮತ್ತು ಹಿರಿಯರ ಪಾಲಿಸಿ ಸೇರಿ. ಐದು ದಿನದ ಪ್ರವಾಸಕ್ಕೆ ಪ್ರತಿ ಸಲ ಒಂದೊಂದು ಪಾಲಿಸಿ ಕೊಳ್ಳುವ ಬದಲು ಆ ದುಡ್ಡನ್ನು ಇದರ ಮೊತ್ತ ಏರಿಸಲು ಹಾಕಿ ಎಂಬುದು ನನ್ನ ಮತ.

ಆದರೆ ಅಡಿಕೆಯ ದರ್ಜೆಗಳ ಹಾಗೆ ಇದರಲ್ಲೂ ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲ ಇವೆ. ಶಿವಮೊಗ್ಗದವರು ಮೊದಲು ನೋಡಬೇಕಾದದ್ದು ‘ಝೋನ್’. ಕೆಲವು ಕಂಪನಿಗಳು ನಮ್ಮ ವಿಳಾಸ ನೋಡಿ ಪ್ರೀಮಿಯಂ ಕಮ್ಮಿ ಮಾಡುತ್ತವೆ. ಬಲು ಸಂತೋಷ. ಆದರೆ ದಿಲ್ಲಿಯಲ್ಲೋ ಮುಂಬೈಯಲ್ಲೋ ದಾಖಲಾದರೆ ಬಿಲ್ಲಿನ ಒಂದು ಪಾಲು ನಮ್ಮ ತಲೆಗೆ. ಊರಲ್ಲೇ ಇರುವವರಿಗೆ ಅಡ್ಡಿಯಿಲ್ಲ, ತಿರುಗುವವರಿಗೆ ಇದು ಹೊಂಚುಹಾಕಿದ ಖರ್ಚು. ಎರಡನೆಯದು ಕೋಣೆ ಬಾಡಿಗೆಯ ಮಿತಿ. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ 1 ಎಂದರೆ 3,000 ರೂಪಾಯಿ. ಗುರುತು ಪರಿಚಯವಿಲ್ಲದ ಊರಲ್ಲಿ, ರಾತ್ರಿ ಹನ್ನೊಂದಕ್ಕೆ, 6,000ದ ಕೋಣೆ ಮಾತ್ರ ಖಾಲಿ ಇದೆ ಎಂದುಕೊಳ್ಳಿ. ಕಡಿತ ಕೋಣೆಯ ಬಾಡಿಗೆಗೆ ಮಾತ್ರವಲ್ಲ, ಡಾಕ್ಟರ್ ಫೀಸು, ನರ್ಸಿಂಗ್ ಇತ್ಯಾದಿಗೂ ಅದೇ ಅರ್ಧದ ಲೆಕ್ಕ ಬೀಳಬಹುದು.

ಹತ್ತಿರದ ಆಸ್ಪತ್ರೆ ಕಂಪನಿಯ ಪಟ್ಟಿಯಲ್ಲಿ ಇಲ್ಲದಿದ್ದರೂ ಹೆದರಬೇಡಿ. 2024ರ ಜನವರಿಯಿಂದ ಪಟ್ಟಿಯಾಚೆಯ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಕಟ್ಟುವುದು) ಕೇಳಬಹುದು, ತುರ್ತು ಇದ್ದರೆ ದಾಖಲಾದ 48 ಗಂಟೆಯೊಳಗೆ ತಿಳಿಸಬೇಕು. ಆಸ್ಪತ್ರೆ ಒಪ್ಪಬೇಕು ಎಂಬುದು ಬೇರೆ ಮಾತು. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜಿಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕೆಂದು ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಅದೇ ವರ್ಷ ಹೇಳಿದೆ. ಈ ಎರಡು ಅಂಕಿಗಳನ್ನು ಬಾಯಲ್ಲಿಟ್ಟುಕೊಂಡು ಕೌಂಟರಿಗೆ ಹೋದರೆ ಮಾತಿಗೆ ತೂಕ ಬರುತ್ತದೆ.

ರಾಜ್ಯದ ಯಶಸ್ವಿನಿ ಆರೋಗ್ಯ ಯೋಜನೆ ಇದೆಯಲ್ಲ ಎನ್ನುವವರಿಗೆ: ಸಹಕಾರ ಸಂಘದ ಸದಸ್ಯರಿಗೆ ಅದು ಒಳ್ಳೆಯ ಯೋಜನೆ, ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿಗೆ 5 ಲಕ್ಷದ ಆಸರೆ ಬೇರೆಲ್ಲೂ ಸಿಗದು. ಆದರೆ ಹೊರರಾಜ್ಯದ ಪ್ರವಾಸಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಆಯುಷ್ಮಾನ್ ಭಾರತ್ ಯೋಜನೆ, ಕೇಂದ್ರ ಸರ್ಕಾರದ ಪಟ್ಟಿಯಲ್ಲಿರುವ ಬಡ ಕುಟುಂಬಗಳಿಗೆ ದೇಶದ ಬೇರೆಡೆಯೂ ನಡೆಯುತ್ತದೆ, ಕಾರ್ಡು ಜೇಬಲ್ಲಿರಲಿ.

ವಿಮಾನದ ಟಿಕೆಟ್ಟಿನ ಆ ಚೌಕ

ತಲೆಗೆ ಇನ್ನೂರರ ಮೇಲೆ ಕೇಳುತ್ತಾರೆ, ಹೋಗಿ ಬರಲು ಆರು ಜನಕ್ಕೆ ಎರಡೂವರೆ ಸಾವಿರ ದಾಟುತ್ತದೆ. ಬದಲಿಗೆ ಸಿಗುವುದು ಅಪಘಾತ, ಲಗೇಜು ಕಳೆಯುವುದು, ವಿಳಂಬ, ರದ್ದತಿ, ಒಂದಿಷ್ಟು ಆಸ್ಪತ್ರೆ ಖರ್ಚು.

ಲಗೇಜು ಎಂದರೆ ವಿಮಾನ ಕಂಪನಿಗೆ ಒಪ್ಪಿಸಿದ ಚೆಕ್-ಇನ್ ಲಗೇಜು, ಕೈಚೀಲವಲ್ಲ. ನಿಲ್ದಾಣದಿಂದ ಹೊರಬರುವ ಮೊದಲೇ ವಿಮಾನ ಕಂಪನಿಯಿಂದ ಪಿಐಆರ್ ಎಂಬ ದೂರಿನ ಚೀಟಿ ಬರೆಸಿಕೊಳ್ಳದಿದ್ದರೆ ಕ್ಲೈಮೇ ಇಲ್ಲ. ಒಡವೆಗೆ ಇಲ್ಲ. ಮದುವೆಗೆಂದು ಅವಲಕ್ಕಿ ಸರ ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವವರು ಇದ್ದಾರೆ, ಅವರಿಗೆ ಈ ಸಾಲು.

ರದ್ದತಿಯ ಷರತ್ತು ನಮ್ಮ ಕಡೆಯವರಿಗೆ ಹೇಳಿ ಮಾಡಿಸಿದ ತಮಾಷೆ. ಪಾಲಿಸಿಯಲ್ಲಿ ಬರೆದ ಕಾರಣಗಳಿಗಷ್ಟೇ ದುಡ್ಡು: ಪ್ರಯಾಣಿಕರೋ ಹತ್ತಿರದ ಕುಟುಂಬದವರೋ ತೀರಿಕೊಂಡರೆ, ಆಸ್ಪತ್ರೆ ಸೇರಿದರೆ, ಇಂಥವು. ಹೊರಡುವ ಹಿಂದಿನ ದಿನ ದಾಯಾದಿಗಳ ಮನೆಯಲ್ಲಿ ಸಾವಾಗಿ ಹತ್ತು ದಿನದ ಸೂತಕ ಬಂದರೆ, ಕಾಶಿಯಾತ್ರೆಗೆ ಅಪ್ಪಯ್ಯ ಮನೆ ಹೊಸಿಲು ದಾಟುತ್ತಾರೆಯೇ? ಇಲ್ಲ. ಅದಕ್ಕೆ ಯಾವ ಕಂಪನಿ ದುಡ್ಡು ಕೊಡುತ್ತದೆ? ಯಾವುದೂ ಇಲ್ಲ. ಹಾಗಾಗಿ ದೊಡ್ಡ ಬಳಗದ ಮನೆಯವರು ವಿಮೆಗಿಂತ ರದ್ದು ಮಾಡಿದರೆ ಹಣ ಮರಳುವ ಲಾಡ್ಜು, ಟಿಕೆಟ್ ಹುಡುಕುವುದೇ ಲೇಸು.

ಇನ್ನು ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆ. 2023ರ ಫೆಬ್ರುವರಿಯಲ್ಲಿ ಕುವೆಂಪು ಹೆಸರಿನ ನಿಲ್ದಾಣ ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನ ಹಾರಿತು. ಮೋಡ ಕವಿದು ಇಳಿಯಲಾಗದೆ ವಿಮಾನ ವಾಪಸಾದ ದಿನಗಳೂ ಇವೆ. ಕಂಪನಿಯೇ ರದ್ದು ಮಾಡಿದರೆ ಪೂರ್ತಿ ಹಣ ಅಥವಾ ಬೇರೆ ವಿಮಾನ, ಅದು ನಿಯಮ. ಆದರೆ ಬೆಂಗಳೂರಿನಿಂದ ವಾರಾಣಸಿಗೆ ಬೇರೆ ಕಂಪನಿಯಲ್ಲಿ ಪ್ರತ್ಯೇಕ ಟಿಕೆಟ್ ಮಾಡಿದ್ದರೆ ಅದು ನೀರಿಗೆ ಹೋಯಿತು. ಅದಕ್ಕೇ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ ಇರುವ ಹಾಗೆ ಮಾಡಿಸಿ. ಮೊದಲನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಿಸುವುದು ಅವರ ತಲೆನೋವು. ಪೈಸೆ ಖರ್ಚಿಲ್ಲದ ವಿಮೆ. ಮಳೆಗಾಲದಲ್ಲಿ ಮಂಗಳೂರಿನಿಂದ ದುಬೈಗೆ ಹಾರುವವರು ಘಾಟಿ ಕುಸಿದು ವಿಮಾನ ತಪ್ಪಿದರೆ ವಿಮೆ ಕೊಡುತ್ತದೆ ಎಂದು ಹೊರಡಬೇಡಿ, ಬಹುತೇಕ ಪಾಲಿಸಿಗಳ ‘ಕನೆಕ್ಷನ್’ ಎಂದರೆ ವಿಮಾನದಿಂದ ವಿಮಾನಕ್ಕೆ. ಹಿಂದಿನ ದಿನವೇ ಘಾಟಿ ಇಳಿದು ಉಡುಪಿಯಲ್ಲಿ ಮಲಗಿ.

ನನ್ನ ತೀರ್ಮಾನ: ಮನೆಯಲ್ಲಿ ಒಳ್ಳೆಯ ಫ್ಲೋಟರ್ ಇದ್ದರೆ ದೇಶದೊಳಗೆ ಈ ಚೌಕ ಬೇಡ. ಇಲ್ಲದವರು, ಅದರಲ್ಲೂ ಹಿರಿಯರನ್ನು ಕರೆದುಕೊಂಡು ಹೋಗುವವರು, ತೆಗೆದುಕೊಳ್ಳಿ, ಆದರೆ ಹೊರರೋಗಿ ಖರ್ಚು ಸೇರಿದೆಯೇ, ಊರು ಸೇರುವವರೆಗೂ ಜಾರಿಯಲ್ಲಿರುತ್ತದೆಯೇ ಎಂದು ಓದಿ.

ಗಡಿ ದಾಟಿದರೆ ಲೆಕ್ಕ ಬೇರೆ

ನೇಪಾಳದ ಗಡಿಯ ಸುನೌಲಿ ದಾಟಿ ಪಶುಪತಿನಾಥಕ್ಕೆ, ಇನ್ನೂ ಗಟ್ಟಿಗರು ಮುಕ್ತಿನಾಥಕ್ಕೆ ಹೋಗಿಬರುವುದು ನಮ್ಮವರಿಗೆ ಕಾಶಿಯ ಮುಂದುವರಿಕೆ ಇದ್ದ ಹಾಗೆ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ಆದ್ದರಿಂದ ವಿದೇಶ ಅಂತಲೇ ಅನ್ನಿಸುವುದಿಲ್ಲ. ಆರೋಗ್ಯ ಪಾಲಿಸಿಗೆ ಮಾತ್ರ ಅದು ಪಕ್ಕಾ ವಿದೇಶ. ಸಾಮಾನ್ಯ ಫ್ಲೋಟರ್ ಗಡಿಕಂಬದ ಹತ್ತಿರ ನಿಂತುಬಿಡುತ್ತದೆ. ಸ್ವಂತ ಕಾರಿನ ವಿಮೆಯೂ ಅಷ್ಟೇ, ನೇಪಾಳ, ಭೂತಾನಕ್ಕೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ವ್ಯಾಪ್ತಿ ವಿಸ್ತರಿಸಬೇಕು. ಇಲ್ಲಿ ಏಷ್ಯಾ ಪ್ಲಾನಿನ ಪ್ರವಾಸ ವಿಮೆ ಬೇಕೇ ಬೇಕು. ಮುಕ್ತಿನಾಥದ ಎತ್ತರ 3,700 ಮೀಟರಿನ ಮೇಲೆ. ಎತ್ತರದ ಮಿತಿ, ಹೆಲಿಕಾಪ್ಟರಿನಲ್ಲಿ ಕೆಳಗಿಳಿಸುವ ಖರ್ಚು ಎರಡನ್ನೂ ಕೇಳಿ ತಿಳಿದುಕೊಂಡೇ ಕೊಳ್ಳಿ.

ಯುರೋಪಿಗೆ ಆಯ್ಕೆಯ ಪ್ರಶ್ನೆಯಿಲ್ಲ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ. ಅಷ್ಟು ಇರುವುದರಲ್ಲಿ ಅಗ್ಗದ್ದು, ವೀಸಾ ತಿರಸ್ಕಾರವಾದರೆ ಪ್ರೀಮಿಯಂ ಮರಳಿಸುವಂಥದ್ದು ಹಿಡಿಯಿರಿ.

ತಲೆಕೆಡಿಸಿಕೊಳ್ಳಬೇಕಾದದ್ದು ಅಮೆರಿಕಕ್ಕೆ. ಮಗಳ ಬಾಣಂತನಕ್ಕೆಂದು ಮೆಂತ್ಯದ ಲಡ್ಡು, ಕಷಾಯದ ಪುಡಿ ಕಟ್ಟಿಕೊಂಡು ಆರು ತಿಂಗಳು ಹೋಗುವ ಅಪ್ಪ-ಅಮ್ಮ ಈಗ ಊರಿಗೆ ಹತ್ತು ಮನೆ. ಇಲ್ಲಿ ಪ್ರೀಮಿಯಂ ನೋಡುವ ಮೊದಲು ವಯಸ್ಸಿನ ಗೆರೆ ನೋಡಿ. ನಮ್ಮಲ್ಲಿ ಸಿಗುವ ಅನೇಕ ಪಾಲಿಸಿಗಳಲ್ಲಿ ಮುಖಪುಟದಲ್ಲಿ ಎರಡೂವರೆ ಲಕ್ಷ ಡಾಲರ್ ಎಂದಿರುತ್ತದೆ, ಒಳಗೆ ಅರವತ್ತು ದಾಟಿದವರಿಗೆ ಹೃದಯಾಘಾತಕ್ಕೆ ಇಷ್ಟೇ, ಕೋಣೆಗೆ ದಿನಕ್ಕೆ ಇಷ್ಟೇ ಎಂದು ಸಣ್ಣ ಸಣ್ಣ ಬೇಲಿಗಳು. ಈಗಾಗಲೇ ಇರುವ ಕಾಯಿಲೆಗೆ ಪ್ರಾಣಾಪಾಯದ ತುರ್ತಿನಲ್ಲಿ ಮಾತ್ರ, ಅದೂ ಒಂದು ಮಿತಿಯೊಳಗೆ. ಅಲ್ಲಿಯ ಕಂಪನಿಗಳ ಸಂದರ್ಶಕರ ವಿಮೆಯಲ್ಲೂ ಎರಡು ಜಾತಿ. ‘ಫಿಕ್ಸೆಡ್ ಬೆನಿಫಿಟ್’ ಅಗ್ಗ, ಪ್ರತಿ ಚಿಕಿತ್ಸೆಗೆ ನಿಗದಿತ ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತದೆ, ಉಳಿದ ಬಿಲ್ಲು ಅಳಿಯನ ಮೇಲೆ. ‘ಕಾಂಪ್ರಿಹೆನ್ಸಿವ್’ ದುಬಾರಿ, ಆದರೆ ಡಿಡಕ್ಟಬಲ್ (ಮೊದಲು ನಾವೇ ಕಟ್ಟಬೇಕಾದ ಮೊತ್ತ) ಕಳೆದು ಬಿಲ್ಲಿನ ಬಹುಪಾಲು ಹೊರುತ್ತದೆ. ಅಗ್ಗದ್ದು ಬೇಕೆಂದರೆ ಕಾಂಪ್ರಿಹೆನ್ಸಿವ್‌ನಲ್ಲೇ ಡಿಡಕ್ಟಬಲ್ ಏರಿಸಿ. ಮೊದಲ ಸಾವಿರ ಡಾಲರ್ ಮಕ್ಕಳು ಹೇಗೋ ಕಟ್ಟುತ್ತಾರೆ, ಒಂದು ಲಕ್ಷ ಡಾಲರ್ ಕಟ್ಟಲಾರರು.

ಕುಟುಂಬದ ಪ್ಯಾಕೇಜಿನಲ್ಲೂ ಒಂದು ಉಪಾಯವಿದೆ. ಪ್ರವಾಸದ ಫ್ಯಾಮಿಲಿ ಪ್ಲಾನ್ ಎಂದರೆ ಸಾಮಾನ್ಯವಾಗಿ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಬೆಲೆ ಕಟ್ಟುವುದು ಎಲ್ಲರಿಗಿಂತ ಹಿರಿಯರ ವಯಸ್ಸಿಗೆ. ಹಾಗಾಗಿ ಅಪ್ಪ-ಅಮ್ಮನನ್ನು ಅದರೊಳಗೆ ತುರುಕದೆ, ನಾಲ್ವರಿಗೆ ಒಂದು, ಹಿರಿಯರಿಗೆ ತಲಾ ಒಂದು ಮಾಡಿಸಿದರೆ ಒಟ್ಟು ಮೊತ್ತ ಇಳಿಯುತ್ತದೆ.

ಅರ್ಜಿಯಲ್ಲಿ ‘ಕಾಯಿಲೆ ಇದೆಯೇ’ ಎಂಬ ಸಾಲು ನೀವೇ ತುಂಬಿ. ಈ ಸಲ ಅಪ್ಪಯ್ಯನ ಅರ್ಜಿಯನ್ನು ಏಜೆಂಟರೊಬ್ಬರು ಮೊಬೈಲಿನಲ್ಲಿ ಚಕಚಕನೆ ತುಂಬಿ ಕಳಿಸಿದರು. ಪ್ರತಿ ತರಿಸಿ ನೋಡಿದರೆ ಬಿಪಿಯ ಮುಂದೆ ‘ಇಲ್ಲ’, ಶುಗರಿನ ಮುಂದೆ ‘ಇಲ್ಲ’. ಕೇಳಿದರೆ, ‘ಎಲ್ಲರೂ ಹಾಗೇ ಹಾಕೋದು ಮಾರಾಯ್ರೆ, ಪ್ರೀಮಿಯಂ ಏರ್ತದೆ.’ ಅಪ್ಪಯ್ಯ ಅಲ್ಲೇ ಜಗುಲಿಯ ಮೇಲೆ ಕೂತು ರಾತ್ರಿಯ ಮಾತ್ರೆ ನುಂಗುತ್ತಿದ್ದರು. ಅರ್ಜಿ ರದ್ದು ಮಾಡಿ, ಮಾತ್ರೆಯ ಪಟ್ಟಿಯ ಫೋಟೊ ಸಮೇತ ನಾನೇ ಹೊಸದಾಗಿ ತುಂಬಿದೆ. ಪ್ರೀಮಿಯಂ ಏರಿತು, ಏರಲಿ. ಅಂದಹಾಗೆ, ಕ್ಲೈಮಿನಲ್ಲಿ ಕಂಪನಿ ಸರಿಯಾಗಿ ಉತ್ತರಿಸದಿದ್ದರೆ ಐಆರ್‌ಡಿಎಐನ ದೂರು ವಿಭಾಗ ಬಿಮಾ ಭರೋಸಾಕ್ಕೆ 155255ಗೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ವಿಮೆಯ ತಕರಾರು ಬಗೆಹರಿಸುವ ಅಧಿಕಾರಿ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಶುಲ್ಕವಿಲ್ಲ, ವಕೀಲರೂ ಬೇಡ.

ಈ ಸಲದ ನಮ್ಮ ಲೆಕ್ಕ ಹೀಗಿದೆ. ಬೆಂಗಳೂರಿನವರೆಗೆ ರೈಲು, 45 ಪೈಸೆಯ ವಿಮೆಯ ಸಮೇತ, ನಾಮಿನಿ ತುಂಬಿಯಾಯಿತು. ಕಾಶಿಯವರೆಗೆ ಫ್ಲೋಟರ್ ಸಾಕು, ಮೊತ್ತ ಏರಿಸಿದ್ದೇವೆ. ಚೀಟಿಗಳಿಗೆಂದೇ ಹೆಂಡತಿ ಜಿಪ್ ಇರುವ ಪ್ಲಾಸ್ಟಿಕ್ ಕವರು ತಂದಿಟ್ಟಿದ್ದಾಳೆ. ನೇಪಾಳದ ಪಾಲಿಸಿ ಮಾತ್ರ ಬಾಕಿ. ಗಡಿಯಲ್ಲಿ ಕೇಳದ ಪಾಸ್‌ಪೋರ್ಟನ್ನು ವಿಮೆಯ ಅರ್ಜಿ ಕೇಳುತ್ತಿದೆ. ಅಪ್ಪಯ್ಯ ಎಪ್ಪತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡು ಬಂದಿದ್ದಾರೆ. ಪೊಲೀಸ್ ವೆರಿಫಿಕೇಶನ್ನಿನವರು ಬರುತ್ತಾರೆಂದು ಮೂರು ದಿನದಿಂದ ತೋಟಕ್ಕೂ ಹೋಗದೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕೂತಿದ್ದಾರೆ.